ಒಬ್ಬನೇ ದೇವರು, ಮೂರು ಹೆಸರು: ಗುಬ್ಬಿ ಪೇಟೆಯವರೆಗೆ ಬಂದ ಹಳೆಯ ಪ್ರಶ್ನೆ

ಭಾನುವಾರ ಬೆಳಗ್ಗೆ ತುಮಕೂರಿನ ಚರ್ಚ್ ಸರ್ಕಲ್ಲಿನ ಅಂಗಡಿಗಳು ಬಾಗಿಲು ತೆಗೆಯುವ ಹೊತ್ತಿಗಾಗಲೇ ಆರಾಧನೆ ಅರ್ಧ ಆಗಿರುತ್ತದೆ. ಮಗುವಿನ ದೀಕ್ಷಾಸ್ನಾನ ಇರುವ ವಾರವಾದರೆ ಮುಂದಿನ ಬೆಂಚುಗಳ ತುಂಬ ರೇಷ್ಮೆ ಸೀರೆ, ಮಲ್ಲಿಗೆ ಹೂವು. ಹಿಂದಿನ ಬೆಂಚುಗಳಲ್ಲಿ ಕರೆಗೆ ಓಗೊಟ್ಟು ಬಂದ ನೆರೆಮನೆಯವರು, ಆಫೀಸಿನ ಗೆಳೆಯರು. ಅಯ್ಯನವರು ಮಗುವನ್ನು ತೋಳಿನ ಮೇಲೆ ಮಲಗಿಸಿಕೊಂಡು, ನೆತ್ತಿಗೆ ನೀರು ಹಾಕುತ್ತಾ ಮೂರು ಹೆಸರು ಹೇಳುತ್ತಾರೆ: ತಂದೆ, ಮಗ, ಪವಿತ್ರಾತ್ಮ. ಮಗು ಅಳುತ್ತದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಪ್ರಶ್ನೆ ಬರುವುದು ಊಟದ ಹೊತ್ತಿಗೆ. “ನಿಮ್ಮಲ್ಲೂ ಮೂರು ದೇವರಾ ಸಾರ್? ನಮ್ಮ ಬ್ರಹ್ಮ, ವಿಷ್ಣು, ಮಹೇಶ್ವರ ಇದ್ದ ಹಾಗೇನಾ?” “ಇಲ್ಲ, ಒಬ್ಬನೇ ದೇವರು” ಎನ್ನುತ್ತಾರೆ ಮಗುವಿನ ತಂದೆ. “ಮತ್ತೆ ಮೂರು ಹೆಸರು ಹೇಳಿದರಲ್ಲ?” ಅವರು ಒಂದು ಕ್ಷಣ ಯೋಚಿಸಿ, ಅದು ಹಾಗೇನೆ ಎಂದು ನಕ್ಕು, ಇನ್ನೊಬ್ಬರ ಎಲೆಗೆ ಪಾಯಸ ಬಡಿಸಲು ಏಳುತ್ತಾರೆ.

ಕೇಳಿದವರ ಕುತೂಹಲದಲ್ಲಿ ಕೊಂಕಿಲ್ಲ, ಉತ್ತರಿಸಿದವರ ನಂಬಿಕೆಯಲ್ಲಿ ಕೊರತೆಯಿಲ್ಲ. ಆದರೂ ಮಾತು ಅಲ್ಲೇ ನಿಂತುಬಿಡುತ್ತದೆ. ತ್ರಯೇಕ ದೇವರು ಎಂಬ ಈ ಬೋಧನೆ ಕ್ರೈಸ್ತ ಧರ್ಮದ ನಡುಮನೆಯಲ್ಲೇ ಇದ್ದರೂ ಹೊರಗಿನವರಿಗೆ ಒಗಟು, ಒಳಗಿನವರಲ್ಲೂ ಅನೇಕರಿಗೆ ಬಾಯಿಪಾಠ. ನಿಲ್ಲಿಸಿದ ಮಾತನ್ನು ಮುಂದುವರಿಸುವುದಕ್ಕೆ ತುಮಕೂರು ಸೀಮೆಗಿಂತ ತಕ್ಕ ಜಾಗ ಸಿಗುವುದು ಕಷ್ಟ ಎಂಬುದು ನನ್ನ ನಂಬಿಕೆ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಎಣಿಕೆಯಿಂದ ಹುಟ್ಟಿದ್ದಲ್ಲ

ತ್ರಯೇಕ ಎಂಬ ಮಾತು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಯೇಸುವಿನ ಮೊದಲ ಶಿಷ್ಯರೆಲ್ಲ ಯೆಹೂದ್ಯರು. ದೇವರು ಒಬ್ಬನೇ ಎಂಬ ಧರ್ಮೋಪದೇಶಕಾಂಡದ ಮಾತನ್ನು ಬೆಳಗ್ಗೆ ಸಂಜೆ ಹೇಳಿಕೊಳ್ಳುತ್ತಾ ಬೆಳೆದವರು. ಇನ್ನೊಬ್ಬ ದೇವರನ್ನು ಸೇರಿಸುವ ಯೋಚನೆಯೇ ಅವರಿಗೆ ಪಾಪ.

ಅಂಥವರು ಕೆಲವೇ ದಶಕಗಳಲ್ಲಿ ಯೇಸುವಿಗೆ ಪ್ರಾರ್ಥನೆ ಮಾಡತೊಡಗಿದರು. ಅವರ ನಡುವೆ ಇದ್ದು ನಡೆಸುವ ಶಕ್ತಿಯನ್ನು ದೇವರ ಆತ್ಮ ಎಂದು ಕರೆದರು. ಸುಮಾರು 112ರಲ್ಲಿ ಬಿಥೂನ್ಯದ ರೋಮನ್ ಅಧಿಕಾರಿ ಪ್ಲಿನಿ, ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ, ಈ ಜನ ಬೆಳಗಿನ ಜಾವ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆ ಎಂದು ವರದಿ ಮಾಡಿದ್ದಾನೆ. ಹಾಡು ಮೊದಲು ಬಂತು, ಸಿದ್ಧಾಂತ ಆಮೇಲೆ ಬಂತು. ಇದನ್ನು ಮರೆತರೆ ಇಡೀ ಚರ್ಚೆ ಲೆಕ್ಕದ ಮೇಷ್ಟರ ಪಾಠದಂತೆ ಕಾಣತೊಡಗುತ್ತದೆ.

ಹೊಸ ಒಡಂಬಡಿಕೆಯಲ್ಲಿ ಮೂರೂ ಹೆಸರು ಒಟ್ಟಿಗೆ ಬರುವ ಜಾಗಗಳಿವೆ. ಯೋರ್ದನ್ ಹೊಳೆಯಲ್ಲಿ ಮಗ ನೀರಿನಿಂದ ಮೇಲೇಳುತ್ತಾನೆ, ಆತ್ಮ ಪಾರಿವಾಳದಂತೆ ಇಳಿಯುತ್ತದೆ, ತಂದೆಯ ದನಿ ಆಕಾಶದಿಂದ ಕೇಳುತ್ತದೆ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ದೀಕ್ಷಾಸ್ನಾನವನ್ನು ಮೂರು ಹೆಸರಿನಲ್ಲಿ ಕೊಡಬೇಕೆಂಬ ಆಜ್ಞೆ ಇದೆ. ಕೊರಿಂಥದವರಿಗೆ ಪೌಲನು ಬರೆದ ಎರಡನೆಯ ಪತ್ರ ಮುಗಿಯುವುದು ಮೂವರ ಹೆಸರಿನ ಆಶೀರ್ವಾದದಿಂದ.

ಬೇರೆ ದಿಕ್ಕಿಗೆ ಎಳೆಯುವ ಮಾತುಗಳೂ ಅದೇ ಪುಸ್ತಕದಲ್ಲಿವೆ. ಯೋಹಾನನ ಸುವಾರ್ತೆಯಲ್ಲಿ ಯೇಸು ತಾನೂ ತಂದೆಯೂ ಒಂದೇ ಎನ್ನುತ್ತಾನೆ. ನಾಲ್ಕು ಅಧ್ಯಾಯಗಳಾದ ಮೇಲೆ ತಂದೆ ತನಗಿಂತ ದೊಡ್ಡವನು ಎಂದೂ ಹೇಳುತ್ತಾನೆ. ಮಾರ್ಕನ ಸುವಾರ್ತೆಯಲ್ಲಿ ಕೊನೆಯ ದಿನ ಯಾವಾಗ ಎಂಬುದು ಮಗನಿಗೂ ಗೊತ್ತಿಲ್ಲ. ಇವುಗಳಲ್ಲಿ ಯಾವುದನ್ನೂ ಹರಿದು ಎಸೆಯದೆ ಒಟ್ಟಿಗೆ ಹೇಗೆ ಹಿಡಿಯುವುದು? ತ್ರಯೇಕದ ಬೋಧನೆ ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ನೈಸಿಯಾದ ಜಗಳ

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಆರಿಯಸ್ ಎಂಬ ಪಾದ್ರಿ ಇದ್ದ. ದೇವರು ಒಬ್ಬನೇ ಎಂದ ಮೇಲೆ ಮಗನು ದೇವರ ಮೊಟ್ಟಮೊದಲ, ಅತ್ಯುತ್ತಮ ಸೃಷ್ಟಿ; ಅವನು ಇಲ್ಲದಿದ್ದ ಸ್ಥಿತಿಯೂ ಒಂದಿತ್ತು ಎಂದು ಅವನು ಬೋಧಿಸಿದ. ಕೇಳಲು ಇದು ಸರಳ, ತರ್ಕಕ್ಕೂ ಒಗ್ಗುತ್ತದೆ. ಅದರ ಹಾಡುಗಳು ಬೀದಿಗೂ ಇಳಿದವು.

ವಿರೋಧಿಸಿದವರ ಕಳಕಳಿ ಬೇರೆ. ಶಿಲುಬೆಯ ಮೇಲೆ ಸತ್ತವನು ಎಷ್ಟೇ ಉನ್ನತನಾದರೂ ಸೃಷ್ಟಿಯೇ ಆಗಿದ್ದರೆ, ಮನುಷ್ಯರ ನೋವಿನೊಳಕ್ಕೆ ಇಳಿದು ಬಂದದ್ದು ದೇವರಲ್ಲ, ದೇವರು ಕಳಿಸಿದ ದೂತ. ಆಗ ಬಿಡುಗಡೆ ಹೇಗೆ ಸಾಧ್ಯ? ಆಮೇಲೆ ಅಲೆಕ್ಸಾಂಡ್ರಿಯಾದ ಬಿಷಪ್ ಆದ ಅಥನೇಷಿಯಸ್ ಜೀವಮಾನವಿಡೀ ಹಿಡಿದ ವಾದ ಇದು. ಇದಕ್ಕಾಗಿ ಅವನು ಐದು ಸಲ ಗಡೀಪಾರಾದ.

ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಇಂದಿನ ಟರ್ಕಿಯಲ್ಲಿರುವ ನೈಸಿಯಾ ಪಟ್ಟಣಕ್ಕೆ ಬಿಷಪ್ಪರನ್ನು ಕರೆಸಿದ. ಮಗನು ಸೃಷ್ಟಿಯಲ್ಲ, ತಂದೆಯ ಸ್ವರೂಪವೇ ಅವನದೂ ಎಂದು ಸಭೆ ತೀರ್ಮಾನಿಸಿತು. 381ರ ಕಾನ್‌ಸ್ಟಂಟಿನೋಪಲ್ ಸಭೆ ಪವಿತ್ರಾತ್ಮನ ಕುರಿತ ಮಾತುಗಳನ್ನು ಬೆಳೆಸಿತು. ಇಂದು ಪ್ರಭುಭೋಜನದ ಆರಾಧನೆಯಲ್ಲಿ ಕನ್ನಡದಲ್ಲಿ ಹೇಳುವ ನೈಸಿಯಾ ವಿಶ್ವಾಸಪ್ರಮಾಣದ ಮೂಲ ಇಲ್ಲಿದೆ. ನೈಸಿಯಾಕ್ಕೆ 1700 ವರ್ಷ ತುಂಬಿದ್ದನ್ನು 2025ರಲ್ಲಿ ಜಗತ್ತಿನ ಬಹುತೇಕ ಸಭೆಗಳು ಒಟ್ಟಾಗಿ ನೆನೆದವು.

ಇಲ್ಲಿ ಮಗ ಎಂದರೆ ಮೈಯಿಂದ ಹುಟ್ಟಿದವನೆಂದು ನೈಸಿಯಾವನ್ನು ಒಪ್ಪುವ ಯಾವ ಕ್ರೈಸ್ತ ಪಂಗಡವೂ ಬೋಧಿಸುವುದಿಲ್ಲ. ದೇವರು ಹೆರುವವನೂ ಅಲ್ಲ, ಹುಟ್ಟಿದವನೂ ಅಲ್ಲ ಎಂದು ಕುರಾನ್ ಹೇಳುವಾಗ ಮುಸ್ಲಿಂ ನೆರೆಯವರು ಎತ್ತುವ ಆಕ್ಷೇಪ ಗಂಭೀರವಾದದ್ದು. ಹೆಂಡತಿ, ಗರ್ಭ, ಹೆರಿಗೆ ಎಂಬ ಅರ್ಥದಲ್ಲಿ ಅದನ್ನು ನೈಸಿಯಾದವರೂ ಒಪ್ಪುತ್ತಿದ್ದರು. ಅವರು ಹೇಳಲು ಹೊರಟದ್ದು ಕಾಲಕ್ಕೆ ಸಿಗದ ಒಂದು ಸಂಬಂಧವನ್ನು: ತಂದೆ ಎಂದಿನಿಂದ ಇದ್ದಾನೋ ಮಗನೂ ಅಂದಿನಿಂದಲೇ ಇದ್ದಾನೆ.

ಬಿಲ್ವಪತ್ರೆಗೂ ನಿಲುಕದ್ದು

ಮಕ್ಕಳಿಗೆ ಇದನ್ನು ಹೇಳಿಕೊಡುವುದು ಹೇಗೆ? ಸಂಡೆ ಸ್ಕೂಲಿನಲ್ಲಿ ಸಾಮಾನ್ಯವಾಗಿ ಬರುವ ಉತ್ತರ: ನೀರು, ಮಂಜುಗಡ್ಡೆ, ಹಬೆ. ವಸ್ತು ಒಂದು, ರೂಪ ಮೂರು. ಮಗುವಿಗೆ ಖುಷಿಯಾಗುತ್ತದೆ. ಆದರೆ ಸಭೆ ಮೂರನೆಯ ಶತಮಾನದಲ್ಲೇ ತಳ್ಳಿಹಾಕಿದ ವಾದ ಇದು. ಒಬ್ಬನೇ ದೇವರು ಒಮ್ಮೆ ತಂದೆಯಾಗಿ, ಇನ್ನೊಮ್ಮೆ ಮಗನಾಗಿ ವೇಷ ಬದಲಿಸುತ್ತಾನೆ ಎಂದಾದರೆ, ಗೆತ್ಸೇಮನೆ ತೋಟದಲ್ಲಿ ಯೇಸು ಬೆವರುತ್ತಾ ಪ್ರಾರ್ಥಿಸಿದ್ದು ಯಾರಿಗೆ? ತನಗೆ ತಾನೇ ಹೇಳಿಕೊಂಡದ್ದೇ?

ಐರ್ಲೆಂಡಿನವರು ಸಂತ ಪ್ಯಾಟ್ರಿಕ್ ಮೂರೆಲೆಯ ಶಾಮ್ರಾಕ್ ತೋರಿಸಿ ಬೋಧಿಸಿದ ಎಂಬ ಐತಿಹ್ಯ ಹೇಳುತ್ತಾರೆ. ನಮ್ಮಲ್ಲಾದರೆ ಬಿಲ್ವಪತ್ರೆ ಕೈಗೆ ಬರುತ್ತದೆ. ತೊಟ್ಟು ಒಂದು, ಎಲೆ ಮೂರು. ಆದರೆ ಒಂದು ಎಲೆ ಕಿತ್ತರೆ ಉಳಿಯುವುದು ಪತ್ರೆಯ ಮೂರನೇ ಎರಡು ಭಾಗ. ಬೋಧನೆ ಹೇಳುವುದು ಹಾಗಲ್ಲ: ತಂದೆಯಲ್ಲಿ ಪೂರ್ಣ ದೇವರು, ಮಗನಲ್ಲಿ ಪೂರ್ಣ ದೇವರು, ಆತ್ಮನಲ್ಲಿ ಪೂರ್ಣ ದೇವರು. ಹಂಚಿಕೆಯ ಮಾತೇ ಇಲ್ಲ.

ಉತ್ತರ ಆಫ್ರಿಕಾದ ಅಗಸ್ಟೀನ್ ಐದನೆಯ ಶತಮಾನದ ಆರಂಭದಲ್ಲಿ ತ್ರಯೇಕದ ಮೇಲೆ ಹದಿನೈದು ಭಾಗಗಳ ಗ್ರಂಥ ಬರೆದ. ಅವನು ಕೊಟ್ಟ ಚಿತ್ರ ವಸ್ತುವಿನದಲ್ಲ, ಸಂಬಂಧದ್ದು: ಪ್ರೀತಿಸುವವನು, ಪ್ರೀತಿಗೆ ಪಾತ್ರನಾದವನು, ಇಬ್ಬರ ನಡುವಿನ ಪ್ರೀತಿ. ಎಲ್ಲ ವಿವರಣೆಗಳಲ್ಲಿ ಇದೇ ಹೆಚ್ಚು ದೂರ ಕರೆದೊಯ್ಯುತ್ತದೆ ಎಂದು ನನಗನಿಸುತ್ತದೆ. ದೇವರು ಪ್ರೀತಿಸ್ವರೂಪಿ ಎಂದು ಯೋಹಾನನ ಪತ್ರ ಹೇಳುತ್ತದೆ. ಜಗತ್ತು ಹುಟ್ಟುವ ಮೊದಲು ದೇವರು ಒಂಟಿಯಾಗಿದ್ದರೆ ಯಾರನ್ನು ಪ್ರೀತಿಸುತ್ತಿದ್ದ? ಕೊಡುವುದು, ಪಡೆಯುವುದು, ಒಲಿಯುವುದು ಎಲ್ಲವೂ ದೇವರೊಳಗೇ ಅನಾದಿಯಿಂದ ನಡೆದಿದೆ ಎಂಬುದು ಕ್ರೈಸ್ತರ ಉತ್ತರ. ಸೃಷ್ಟಿ ಹುಟ್ಟಿದ್ದು ಆ ಒಲವು ತುಂಬಿ ಹರಿದದ್ದರಿಂದ, ಒಂಟಿತನ ಕಳೆಯಲೆಂದಲ್ಲ.

ತ್ರಿಮೂರ್ತಿಗಳಿಗೂ ಇದಕ್ಕೂ

ಊಟದ ಎಲೆಯ ಮುಂದಿನ ಪ್ರಶ್ನೆಗೆ ಈಗ ಬರಬಹುದು. ತ್ರಿಮೂರ್ತಿಗಳಲ್ಲಿ ಕೆಲಸ ಹಂಚಿಕೆಯಾಗಿದೆ: ಸೃಷ್ಟಿ, ಸ್ಥಿತಿ, ಲಯ. ಒಬ್ಬೊಬ್ಬರಿಗೂ ಬೇರೆ ಪುರಾಣ, ಬೇರೆ ಕ್ಷೇತ್ರ. ದೇವರಾಯನದುರ್ಗದ ನರಸಿಂಹನಿಗೆ ನಡೆದುಕೊಳ್ಳುವ ಮನೆ ಒಂದು, ಶಿವನಿಗೆ ನಡೆದುಕೊಳ್ಳುವ ಮನೆ ಇನ್ನೊಂದು. ತಮ್ಮ ದೇವರೇ ಪರದೈವ ಎಂದು ಎರಡೂ ಕಡೆಯವರು ಹೇಳಬಹುದು.

ತ್ರಯೇಕದಲ್ಲಿ ಕೆಲಸದ ಹಂಚಿಕೆ ಇಲ್ಲ. ಸೃಷ್ಟಿ ತಂದೆಯದು ಎಂದು ಬಾಯಿಮಾತಿಗೆ ಹೇಳಿದರೂ ಅದು ವಾಕ್ಯವಾದ ಮಗನ ಮೂಲಕ ಆಯಿತೆಂದು ಯೋಹಾನ ಬರೆಯುತ್ತಾನೆ. ಆದಿಯಲ್ಲಿ ನೀರಿನ ಮೇಲೆ ಚಲಿಸುತ್ತಿದ್ದದ್ದು ದೇವರ ಆತ್ಮ. ಮೂವರಲ್ಲಿ ಒಬ್ಬರನ್ನು ಆರಿಸಿಕೊಂಡು ಇಷ್ಟದೈವ ಮಾಡಿಕೊಳ್ಳುವುದಕ್ಕೂ ಇಲ್ಲಿ ಎಡೆಯಿಲ್ಲ.

ಬಂಗಾಳದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಈ ಚರ್ಚೆ ಬಿಸಿಯಾಗಿ ನಡೆಯಿತು. 1820ರಲ್ಲಿ ರಾಜಾ ರಾಮಮೋಹನ ರಾಯರು ಯೇಸುವಿನ ನೀತಿಬೋಧೆಯನ್ನು ಮಾತ್ರ ಆಯ್ದು ಪ್ರಕಟಿಸಿದರು. ತ್ರಯೇಕವನ್ನು ಅವರು ಒಪ್ಪಲಿಲ್ಲ. ಶ್ರೀರಾಮಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಜೊತೆ ವಾಗ್ವಾದ ನಡೆಯಿತು. ವಿಲಿಯಂ ಆಡಮ್ ಎಂಬ ಮಿಷನರಿ ರಾಯರ ವಾದವೇ ಸರಿಯೆಂದು ಕಂಡು ಪಕ್ಷ ಬದಲಿಸಿದ. ಶತಮಾನದ ಕೊನೆಗೆ, 1898ರಲ್ಲಿ, ಬ್ರಾಹ್ಮಣ ಮನೆತನದಿಂದ ಬಂದು ಕ್ಯಾಥೊಲಿಕರಾದ ಬ್ರಹ್ಮಬಾಂಧವ ಉಪಾಧ್ಯಾಯರು ತ್ರಯೇಕವನ್ನು ಸತ್, ಚಿತ್, ಆನಂದ ಎಂದು ಸ್ತುತಿಸುವ ಸಂಸ್ಕೃತ ಗೀತೆ ರಚಿಸಿದರು. ಒಬ್ಬರು ತೊರೆದದ್ದನ್ನು ಇನ್ನೊಬ್ಬರು ವೇದಾಂತದ ಮಾತಿನಲ್ಲೇ ಅಪ್ಪಿಕೊಂಡರು.

ಗುಬ್ಬಿಗೆ ಬಂದ ಐರಿಷ್ ತರುಣ

ಮೈಸೂರು ಸೀಮೆಗೆ ಈ ಬೋಧನೆಯನ್ನು ಕನ್ನಡದಲ್ಲಿ ತಂದವರಲ್ಲಿ ವೆಸ್ಲಿಯನ್ ಮಿಷನ್‌ನವರು ಮುಖ್ಯರು. ಅವರಿಗಿಂತ ಮೊದಲೇ ಬಳ್ಳಾರಿಯಲ್ಲಿ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತಿದ್ದರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿತ್ತು. 1830ರ ದಶಕದ ಕೊನೆಗೆ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ವೆಸ್ಲಿಯನ್ ಕೇಂದ್ರಕ್ಕೆ ನೆಲೆ ಹಾಕಿದರು. ಮುಂದೆ ಗುಬ್ಬಿ, ತುಮಕೂರು, ಕುಣಿಗಲ್ ಮೂರೂ ಆ ಮಿಷನ್‌ನ ಪಟ್ಟಿಗೆ ಸೇರಿದವು.

1839ರಲ್ಲಿ ವಿಲಿಯಂ ಆರ್ಥರ್ ಗುಬ್ಬಿಗೆ ಬಂದ. ಐರ್ಲೆಂಡಿನ ಆಂಟ್ರಿಮ್ ಪ್ರಾಂತದವನು, ವಯಸ್ಸು ಇಪ್ಪತ್ತು. ಕನ್ನಡ ಕಲಿತು ಪೇಟೆಯಲ್ಲಿ ಜನರೊಡನೆ ಮಾತಿಗೆ ನಿಂತ. ಎರಡೇ ವರ್ಷದಲ್ಲಿ ಕಣ್ಣಿನ ತೊಂದರೆಯಿಂದ 1841ರಲ್ಲಿ ಊರಿಗೆ ಮರಳಬೇಕಾಯಿತು. 1847ರಲ್ಲಿ ಅವನು ಪ್ರಕಟಿಸಿದ ‘ಎ ಮಿಷನ್ ಟು ದಿ ಮೈಸೂರ್’ ಪುಸ್ತಕದಲ್ಲಿ ಆ ಕಾಲದ ಗುಬ್ಬಿಯ ಜನ, ಮಾತುಕತೆ, ಆಚಾರಗಳು ಸಿಗುತ್ತವೆ. ತನ್ನ ಧರ್ಮವೇ ಮೇಲೆಂಬ ಮಿಷನರಿ ಕಣ್ಣು ಅದರಲ್ಲಿ ಎದ್ದು ಕಾಣುತ್ತದೆ. ಆ ಎಚ್ಚರ ಇಟ್ಟುಕೊಂಡೇ ಓದಬೇಕಾದ ಪುಸ್ತಕ.

ಆರ್ಥರ್ ಇಂಗ್ಲಿಷ್ ಓದುಗರಲ್ಲಿ ಹೆಸರಾದದ್ದು ಇನ್ನೊಂದು ಪುಸ್ತಕದಿಂದ: 1856ರ ‘ದಿ ಟಂಗ್ ಆಫ್ ಫೈರ್’. ಅದರ ವಿಷಯ ಪವಿತ್ರಾತ್ಮ, ಎಂದರೆ ಮೂರು ಹೆಸರಿನಲ್ಲಿ ಜನ ಅತಿ ಕಡಿಮೆ ಅರ್ಥಮಾಡಿಕೊಂಡಿರುವ ಹೆಸರು. ಪಂಚಾಶತ್ತಮ ದಿನದಲ್ಲಿ ಶಿಷ್ಯರು ಪರಭಾಷೆಗಳಲ್ಲಿ ಮಾತಾಡಿದ್ದರ ಕುರಿತ ಆ ಪುಸ್ತಕ ಬರೆದವನು, ಗುಬ್ಬಿಯಲ್ಲಿ ಒಂದು ಪರಭಾಷೆಯನ್ನು ಅಕ್ಷರದಿಂದ ಕಲಿತವನಾಗಿದ್ದ ಎಂಬುದನ್ನು ಓದುವಾಗ ಮರೆಯಲಾಗುವುದಿಲ್ಲ.

ಹಾಡ್ಸನ್ 1877ರಲ್ಲಿ ‘ಓಲ್ಡ್ ಡೇನಿಯಲ್’ ಎಂಬ ಪುಸ್ತಕ ತಂದರು. ಗುಬ್ಬಿ ಸರ್ಕಿಟ್‌ನಲ್ಲಿ ಕ್ರೈಸ್ತನಾದ ಒಬ್ಬ ಹಳ್ಳಿಗನ ಬದುಕು ಅದರ ವಸ್ತು. ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ ಸುವಾರ್ತೆಗಳನ್ನಷ್ಟೇ ಅಚ್ಚು ಹಾಕಲಿಲ್ಲ. 1849ರಲ್ಲಿ ಜಾನ್ ಗ್ಯಾರೆಟ್ ಸಂಪಾದಿಸಿದ ಭಗವದ್ಗೀತೆ ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಅಲ್ಲಿಂದಲೇ ಹೊರಬಂತು. ವಾದ ಮಾಡಲು ಬಂದವರು ಎದುರಾಳಿಯ ಗ್ರಂಥವನ್ನು ಓದಲೇಬೇಕಾಗಿತ್ತು.

ಯಡಿಯೂರಿನ ನೆರೆಯಲ್ಲಿ

ಓದಬೇಕಾದದ್ದು ಇಲ್ಲಿ ಬಹಳ ಇತ್ತು. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ತಪಸ್ಸು ಮಾಡಿ, ಯಡಿಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳು ‘ಷಟ್‌ಸ್ಥಲ ಜ್ಞಾನಸಾರಾಮೃತ’ ರಚಿಸಿದ್ದು ಆರ್ಥರ್ ಬರುವುದಕ್ಕೆ ಶತಮಾನಗಳ ಹಿಂದೆ. ಗುಬ್ಬಿಯ ಮಲ್ಲಣಾರ್ಯ ‘ಭಾವಚಿಂತಾರತ್ನ’, ‘ವೀರಶೈವಾಮೃತ ಪುರಾಣ’ ಬರೆದದ್ದು ಹದಿನಾರನೆಯ ಶತಮಾನದಲ್ಲಿ. ಒಂದೇ ಪರವಸ್ತು ಹೇಗೆ ಹಲವಾಗಿ ತೋರುತ್ತದೆ ಎಂಬ ವಿಚಾರ ಈ ಸೀಮೆಗೆ ಹೊಸದೇ ಅಲ್ಲ.

ಷಟ್‌ಸ್ಥಲವೆಂಬ ವೀರಶೈವ ಸಿದ್ಧಾಂತದ ಪ್ರಕಾರ ಒಂದೇ ಪರಶಿವತತ್ವ ಲಿಂಗ ಮತ್ತು ಅಂಗವಾಗಿ ತೋರುತ್ತದೆ. ಲಿಂಗ ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗ ಎಂದು ಮೂರಾಗಿ, ಮತ್ತೆ ಆರಾಗುತ್ತದೆ. ಮೂರಾದರೂ ವಸ್ತು ಒಂದೇ. ಹಾಗೆಂದು ಮೂರು ಹೆಸರು ಕಂಡೊಡನೆ ಎರಡೂ ಒಂದೇ ಎಂದು ಹೇಳಿಬಿಟ್ಟರೆ ಎರಡಕ್ಕೂ ಅನ್ಯಾಯ.

ಷಟ್‌ಸ್ಥಲದ ಮೂರು, ಆರು ಎಲ್ಲವೂ ಭಕ್ತ ಏರುವ ಹಾದಿಗೆ ಹೊಂದಿಕೊಂಡಿವೆ. ಕೊನೆ ಲಿಂಗಾಂಗ ಸಾಮರಸ್ಯ, ಅಂಗ ಲಿಂಗದಲ್ಲಿ ಒಂದಾಗುವುದು. ತ್ರಯೇಕದ ಮೂರು ಭಕ್ತ ಇರಲಿ ಬಿಡಲಿ ದೇವರಲ್ಲೇ ಇರುವ ಮೂರು. ಮನುಷ್ಯನು ಕೃಪೆಯಿಂದ ಆ ಪ್ರೀತಿಯೊಳಗೆ ಸೇರಬಹುದು, ಆದರೆ ಸೃಷ್ಟಿಕರ್ತ ಮತ್ತು ಸೃಷ್ಟಿಯ ನಡುವಿನ ಗೆರೆ ಅಳಿಯುವುದಿಲ್ಲ. ಯಡಿಯೂರಿನ ಸಾಧಕನೂ ತುಮಕೂರಿನ ಅಯ್ಯನವರೂ ಎದುರುಬದುರು ಕೂತರೆ ಮಾತಾಡಬೇಕಾದದ್ದು ಇದರ ಬಗ್ಗೆ. ಎಣಿಕೆಯ ಮಾತು ಅಲ್ಲಿ ಬೇಗ ಮುಗಿದುಹೋಗುತ್ತದೆ.

ಕೈಬಿಟ್ಟ ಒಂದು ವಾಕ್ಯ

ಬೈಬಲ್ ಎಂದರೆ ಮೊದಲಿಂದ ಕೊನೆಯವರೆಗೆ ಒಂದೇ ಪಠ್ಯ ಎಂದು ಅನೇಕರು ತಿಳಿದಿದ್ದಾರೆ. ಪ್ರಾಟೆಸ್ಟಂಟರ ಬೈಬಲಿನಲ್ಲಿ 66 ಪುಸ್ತಕಗಳು, ಕ್ಯಾಥೊಲಿಕರದರಲ್ಲಿ 73. ಹೆಚ್ಚಿಗೆ ಇರುವ ಏಳೂ ಹಳೆಯ ಒಡಂಬಡಿಕೆಯ ಭಾಗದಲ್ಲಿವೆ.

ತ್ರಯೇಕಕ್ಕೆ ನೇರವಾಗಿ ತಾಗುವ ಪಠ್ಯದ ಕಥೆ ಇನ್ನೊಂದಿದೆ. ಯೋಹಾನನ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ, ಪರಲೋಕದಲ್ಲಿ ಸಾಕ್ಷಿ ಹೇಳುವವರು ಮೂವರು, ಮೂವರೂ ಒಂದೇ ಎಂಬರ್ಥದ ಮಾತು ಹಳೆಯ ಇಂಗ್ಲಿಷ್ ಬೈಬಲಿನಲ್ಲಿದೆ. ಇಷ್ಟು ನೇರವಾದ ಮಾತು ಬೇರೆಲ್ಲಿಯೂ ಇಲ್ಲ. ತೊಂದರೆಯೇನೆಂದರೆ ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಅದು ಇಲ್ಲವೇ ಇಲ್ಲ. ಎರಾಸ್ಮಸ್ 1516 ಮತ್ತು 1519ರ ಗ್ರೀಕ್ ಮುದ್ರಣಗಳಲ್ಲಿ ಅದನ್ನು ಬಿಟ್ಟಿದ್ದ. ಟೀಕೆ ಬಂದ ಮೇಲೆ 1522ರಲ್ಲಿ ಸೇರಿಸಿದ. ಇಂದಿನ ಅನುವಾದಗಳು ಸಾಮಾನ್ಯವಾಗಿ ಅದನ್ನು ಕೈಬಿಡುತ್ತವೆ, ಇಲ್ಲವೆ ಅಡಿಟಿಪ್ಪಣಿಗೆ ಇಳಿಸುತ್ತವೆ.

ಗುಬ್ಬಿಯ ಮಿಷನ್‌ಗೆ ಹೆಸರು ಕೊಟ್ಟ ಜಾನ್ ವೆಸ್ಲಿ 1775ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ತ್ರಯೇಕದ ಮೇಲೆ ಮಾಡಿದ ಪ್ರಸಂಗಕ್ಕೆ ಇದೇ ವಾಕ್ಯವನ್ನು ಆರಿಸಿಕೊಂಡಿದ್ದ. ವಾಕ್ಯದ ಬಗ್ಗೆ ಸಂಶಯವಿದೆ ಎಂಬುದು ಅವನಿಗೂ ಗೊತ್ತಿತ್ತು. ಆದರೆ ಆ ಪ್ರಸಂಗದ ತಿರುಳು ಬೇರೆ: ತ್ರಯೇಕ ಎಂಬ ಪದವನ್ನಾಗಲಿ ‘ವ್ಯಕ್ತಿ’ ಎಂಬ ಪದವನ್ನಾಗಲಿ ಯಾರೂ ಬಳಸಲೇಬೇಕೆಂದು ತಾನು ಒತ್ತಾಯಿಸಲಾರೆ ಎಂದ. ಮೂವರು ಒಂದೇ ಎಂಬ ಸಂಗತಿಯನ್ನು ನಂಬುತ್ತೇನೆ, ಅದು ಹೇಗೆ ಎಂಬುದು ನಂಬಿಕೆಗೆ ಸೇರಿದ್ದಲ್ಲ ಎಂದ. ಇದು ಪ್ರಶ್ನೆಯಿಂದ ನುಣುಚಿಕೊಳ್ಳುವ ಮಾತೆಂದು ನನಗೆ ತೋರುವುದಿಲ್ಲ. ಒಂದು ಅನುಮಾನಾಸ್ಪದ ವಾಕ್ಯ ಬಿದ್ದುಹೋದರೂ ಬೋಧನೆ ನಿಂತದ್ದು, ಅದು ಆ ಒಂದು ವಾಕ್ಯದ ಮೇಲೆ ಎಂದೂ ನಿಂತಿರಲಿಲ್ಲವಾದ್ದರಿಂದ.

ನೀರಿನಿಂದ ಮುಂದಕ್ಕೆ

ಈ ಬೋಧನೆಯ ಪರಿಣಾಮ ಬದುಕಿನಲ್ಲಿ ಕಾಣುವ ಮೊದಲ ಜಾಗ ದೀಕ್ಷಾಸ್ನಾನ. ಮೂರು ಹೆಸರಿನಲ್ಲಿ, ನೀರಿನಿಂದ ಆದ ಸ್ನಾನವನ್ನು ಕ್ಯಾಥೊಲಿಕರೂ ದಕ್ಷಿಣ ಭಾರತ ಸಭೆಯವರೂ ಪರಸ್ಪರ ಒಪ್ಪುತ್ತಾರೆ. ಒಂದು ಸಭೆಯ ಹುಡುಗಿ ಇನ್ನೊಂದು ಸಭೆಯ ಮನೆಗೆ ಸೊಸೆಯಾಗಿ ಹೋದರೆ ಮತ್ತೆ ಸ್ನಾನ ಬೇಕಿಲ್ಲ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮತ್ತಿತರ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ ಆದಾಗ ವೆಸ್ಲಿಯನ್ನರ ತುಮಕೂರು, ಗುಬ್ಬಿ ಸಭೆಗಳೂ ಅದರೊಳಕ್ಕೆ ಬಂದವು. ಬಿಷಪ್ಪರು ಬೇಕೋ ಬೇಡವೋ ಎಂದು ವರ್ಷಗಟ್ಟಲೆ ಚರ್ಚಿಸಿದವರಿಗೆ ತ್ರಯೇಕದ ಬಗ್ಗೆ ತಕರಾರಿರಲಿಲ್ಲ. ಯೆಹೋವನ ಸಾಕ್ಷಿಗಳು ಇದನ್ನು ಒಪ್ಪುವುದಿಲ್ಲ. ಪೆಂತೆಕೋಸ್ತರಲ್ಲಿಯೂ ಯೇಸುವಿನ ಹೆಸರೊಂದರಲ್ಲೇ ಸ್ನಾನ ಕೊಡುವ ಗುಂಪುಗಳಿವೆ.

ಎರಡನೆಯ ಪರಿಣಾಮ ಇನ್ನೂ ಇತ್ಯರ್ಥವಾಗದ ಒಂದು ವಾದ. ಆತ್ಮ ತಂದೆಯಿಂದ ಹೊರಡುತ್ತದೆ ಎಂದು 381ರ ಪ್ರಮಾಣ ಹೇಳಿತ್ತು. ಪಶ್ಚಿಮದ ಸಭೆ ‘ಮಗನಿಂದಲೂ’ ಎಂದು ಸೇರಿಸಿಕೊಂಡಿತು. ಪೂರ್ವದವರು ಒಪ್ಪಲಿಲ್ಲ, 1054ರ ಒಡಕಿಗೆ ಇದೂ ಒಂದು ಕಾರಣ. ಒಂದು ಪದಕ್ಕೆ ಅಷ್ಟೊಂದು ಜಗಳವೇ ಎನ್ನಿಸಬಹುದು. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟಾನ್ಲಿ ಸಮರ್ಥ ಅವರಿಗೆ ಹಾಗನ್ನಿಸಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ಪ್ರಿನ್ಸಿಪಾಲರಾಗಿದ್ದು, ಮುಂದೆ ಜಿನೀವಾದಲ್ಲಿ ಜಾಗತಿಕ ಸಭೆಗಳ ಮಂಡಳಿಯ ಅಂತರ್‌ಧರ್ಮ ಸಂವಾದದ ಕೆಲಸ ನಡೆಸಿದವರು ಅವರು. ಆತ್ಮ ಕ್ರಿಸ್ತನ ಮೂಲಕ, ಸಭೆಯ ಮೂಲಕ ಮಾತ್ರ ಕೆಲಸ ಮಾಡುವುದೆಂದು ಕಟ್ಟಿಹಾಕದಿದ್ದರೆ ಬೇರೆ ಧರ್ಮಗಳ ಜನರ ಬದುಕಿನಲ್ಲೂ ಅದನ್ನು ಗುರುತಿಸಲು ಎಡೆ ಸಿಗುತ್ತದಲ್ಲವೇ ಎಂಬುದು ಅವರು ಎತ್ತಿದ ಪ್ರಶ್ನೆ.

ಸಮರ್ಥರಿದ್ದ ಆ ಸೆಮಿನರಿಗೂ ತುಮಕೂರಿಗೂ ನಂಟಿದೆ. ಕನ್ನಡದ ಪಾದ್ರಿಗಳನ್ನು ತಯಾರು ಮಾಡುತ್ತಿದ್ದ ಯೂನಿಯನ್ ಕೆನರೀಸ್ ಸೆಮಿನರಿ ಒಂದು ಕಾಲಕ್ಕೆ ತುಮಕೂರಿನಲ್ಲೇ ಇತ್ತು. 1965ರಲ್ಲಿ ಅದು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೊಂದಿಗೆ ಸೇರಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು. ತುಮಕೂರಿನ ಸಭೆಗಳಲ್ಲಿ ನೈಸಿಯಾದ ಪ್ರಮಾಣ ಹೇಳುವ ದಿನ ‘ಮಗನಿಂದಲೂ’ ಎಂಬಲ್ಲಿಗೆ ಬಂದಾಗ ಯಾರೂ ತಡವರಿಸುವುದಿಲ್ಲ. ಆ ಒಂದು ಪದದಲ್ಲಿ ತಮ್ಮ ಪಕ್ಕದ ಮನೆಯವರ ಭಕ್ತಿಯ ಪ್ರಶ್ನೆಯೂ ಇದೆ ಎಂಬುದನ್ನು ಸಂಡೆ ಸ್ಕೂಲಿನ ದೊಡ್ಡ ಮಕ್ಕಳ ತರಗತಿಯಲ್ಲಾದರೂ ಹೇಳಿಕೊಡಬಹುದು.